ಶೆಡ್ಡಿನಿಂದ ಉತ್ತರ: ಗುಜರಿ ಗ್ರಿಲ್ಲು, ಹಳೇ ಬ್ಯಾರಲ್ಲು, ಹೊಗೆಯ ಅಡುಗೆ

ಹೋದ ಸಂಚಿಕೆಯಲ್ಲಿ ಸಿಂಟೆಕ್ಸ್ ಟ್ಯಾಂಕಿನ ಸ್ಟ್ಯಾಂಡ್ ಬಗ್ಗೆ ಬರೆಯುತ್ತಾ, ಬಳ್ಳಾರಿಯ ನಮ್ಮ ಶೆಡ್ಡಿನ ಹಿಂದೆ ಒಂದು ಹೊಗೆ ಬ್ಯಾರಲ್ (ತಳದ ಕೆಂಡದ ಶಾಖ, ಹೊಗೆಯಲ್ಲಿ ಮೇಲಿನ ಜಾಲರಿಯ ಮಾಂಸ ನಿಧಾನ ಬೇಯುವ ಡ್ರಮ್ಮು) ಇದೆ, ಭಾನುವಾರ ಅದರಲ್ಲೇ ಕೋಳಿ ಬೇಯಿಸುತ್ತೇವೆ ಎಂದು ಒಂದು ಸಾಲು ಬರೆದಿದ್ದೆ. ಸ್ಟ್ಯಾಂಡಿನ ಬಗ್ಗೆ ಎರಡು ಪತ್ರ ಬಂದವು. ಉಳಿದವೆಲ್ಲ ಆ ಒಂದು ಸಾಲಿಗೆ ಬಂದವು. ಹಾಗಾಗಿ ಗೇಟು, ಶಟರ್ರು, ಬೋರ್‌ವೆಲ್ ಪೈಪಿನ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ತೆಗೆದಿಟ್ಟು, ಈ ಸಲ ಬ್ಯಾರಲ್ ಒಂದರದೇ ಮಾತು.

ಪ್ರಶ್ನೆ: ಮೇಸ್ತ್ರಿ ಅಣ್ಣಾ, ನಾನು ರೈಸ್ ಮಿಲ್ಲಿನಲ್ಲಿ ಫಿಟ್ಟರ್. ಸಣಾಪುರದ ಕಡೆ ಮುಚ್ಚಿಹೋದ ಒಂದು ರೆಸಾರ್ಟಿನ ಸಾಮಾನು ಗುಜರಿಗೆ ಬಂದಿತ್ತು. ಅದರಲ್ಲಿ ಎರಡು ಮುರಿದ ಬಾರ್ಬೆಕ್ಯೂ ಗ್ರಿಲ್ ತೂಕಕ್ಕೆ ಸಿಕ್ಕವು. ಒಂದು ಇದ್ದಿಲಿನದು, ದುಂಡಗಿದೆ. ತಳದ ಬಟ್ಟಲು ತುಕ್ಕು ತಿಂದು ತೂತಾಗಿದೆ. 57 ಸೆಂ.ಮೀ. ಅಗಲದ ಮುಚ್ಚಳ ಮತ್ತು ಜಾಲರಿ ಗಟ್ಟಿ ಇವೆ. ಇನ್ನೊಂದು ಗ್ಯಾಸಿನದು. ಅದರ ಕಂಬಿಗಳು, ಶಾಖದ ಮೀಟರು, ಎರಡು ಗಾಲಿ, ಹಿಡಿಕೆ ಇವೆ. ಮನೆಯಲ್ಲಿ 200 ಲೀಟರಿನ ಒಂದು ಬ್ಯಾರಲ್ ಇದೆ. ಇದೆಲ್ಲ ಸೇರಿಸಿ ನಿಮ್ಮಂಥ ಹೊಗೆ ಬ್ಯಾರಲ್ ಮಾಡಬೇಕು. ಎಲ್ಲೆಲ್ಲಿ ಎಷ್ಟು ತೂತು? ಜಾಲರಿ ಎಷ್ಟು ಎತ್ತರಕ್ಕೆ? ಸತು ಲೇಪದ ಜಿಐ ಪೈಪ್ ಹಾಕಬಹುದೇ?
— ಓದುಗರು, ಗಂಗಾವತಿ

ತಮ್ಮಾ, ತೂತಿನ ಲೆಕ್ಕ ಆಮೇಲೆ ಹೇಳುತ್ತೇನೆ. ಗ್ರಿಲ್ಲಿನ ಒಂದೊಂದು ಕಂಬಿಯ ಸಂಗತಿ ಬರೆದಿದ್ದೀರಿ, ಬ್ಯಾರಲ್ಲಿನಲ್ಲಿ ಮೊದಲು ಏನಿತ್ತು ಎಂದು ಮಾತ್ರ ಬರೆದಿಲ್ಲ. ನನಗೆ ಬೇಕಾದದ್ದು ಅದು.

ನನ್ನ ಮೊದಲ ಬ್ಯಾರಲ್ಲಿನ ಕಥೆ ಕೇಳಿ. ಗುಜರಿಯವನನ್ನು ಕೇಳಿದೆ, "ಎಣ್ಣೆ ಬ್ಯಾರಲ್ ಅಣ್ಣಾ, ತಗೊಂಡೋಗು" ಅಂದ. ಯಾವ ಎಣ್ಣೆ ಎಂದು ನಾನೂ ಕೇಳಲಿಲ್ಲ. ಮೇಲೆ ಯಾರೋ ಬಳಿದ ನೀಲಿ ಬಣ್ಣವಿತ್ತು. ತಂದು, ಒಳಗೆ ಕಟ್ಟಿಗೆ ತುಂಬಿ ಎರಡು ತಾಸು ಸುಟ್ಟೆ. ಮರುದಿನ ಮುಖ ಒಳಗೆ ಹಾಕಿ ನೋಡಿದರೆ ಹತ್ತಿ ಹೊಲಕ್ಕೆ ಔಷಧ ಹೊಡೆದ ದಿನ ಬರುವಂಥದೇ ವಾಸನೆ, ಗಂಟಲಿಗೆ ಹತ್ತಿಕೊಳ್ಳುವಂಥದು. ಮತ್ತೆ ಸುಟ್ಟೆ, ಸೋಪು ಹಾಕಿ ತೊಳೆದೆ, ಬಿಸಿಲಿಗಿಟ್ಟೆ. ಬಿಸಿಯಾದಾಗೆಲ್ಲ ಆ ವಾಸನೆ ಬರುತ್ತಲೇ ಇತ್ತು. ಹೊರಗಿನ ನೀಲಿ ಬಣ್ಣ ಕೆರೆದಾಗ ಅಡಿಯಲ್ಲಿ ಅಪಾಯದ ಚಿಹ್ನೆಯ ಅರ್ಧ ಕಾಣಿಸಿತು. ಅದರಲ್ಲಿ ಬೇಯಿಸಿದ್ದರೆ ಮೊದಲ ತುಂಡು ಬೀಳುತ್ತಿದ್ದದ್ದು ಮೊಮ್ಮಗಳ ತಟ್ಟೆಗೆ. ಆವತ್ತಿನಿಂದ ನನ್ನ ಶೆಡ್ಡಿನಲ್ಲಿ ಒಂದೇ ನಿಯಮ: ಹಿಂದೆ ಏನಿತ್ತೆಂದು ಗೊತ್ತಿಲ್ಲದ ಬ್ಯಾರಲ್ ಅಡುಗೆಗೆ ಇಲ್ಲ.

ನಮ್ಮದು ಹತ್ತಿ, ಮೆಣಸಿನಕಾಯಿ, ಭತ್ತದ ಸೀಮೆ. ಬಳ್ಳಾರಿಯಿಂದ ರಾಯಚೂರಿನವರೆಗೆ ಔಷಧದ ಬ್ಯಾರಲ್ಲಿಗೆ ಬರ ಇಲ್ಲ. ಕೀಟನಾಶಕ, ಕಳೆನಾಶಕ, ಥಿನ್ನರ್, ಆಸಿಡ್, ಫ್ಯಾಕ್ಟರಿಯ ಯಾವುದೇ ರಾಸಾಯನಿಕ ಇದ್ದದ್ದಾದರೆ ಸುಟ್ಟರೂ ಬೇಡ, ತೊಳೆದರೂ ಬೇಡ. ಅಡುಗೆ ಎಣ್ಣೆ, ಜೇನು, ಚೀಲದಲ್ಲಿ ತುಂಬಿ ಬರುವ ಮಾವಿನ ಹಣ್ಣಿನ ತಿರುಳು, ಇಂಥ ತಿನ್ನುವ ಪದಾರ್ಥದ ಬ್ಯಾರಲ್ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಲೇಬಲ್ ಹಾಗೇ ಇರುವ ಲೂಬ್ರಿಕೆಂಟ್ ಆಯಿಲ್ ಬ್ಯಾರಲ್ಲನ್ನು ಚೆನ್ನಾಗಿ ಸುಟ್ಟು ಬಳಸುವವರಿದ್ದಾರೆ. ನಾನಾದರೆ ಇನ್ನೊಂದು ತಿಂಗಳು ಕಾದು ತಿನ್ನುವ ಪದಾರ್ಥದ ಬ್ಯಾರಲ್ಲನ್ನೇ ಹುಡುಕುತ್ತೇನೆ.

ಬ್ಯಾರಲ್‌ಗಳಲ್ಲಿ ಎರಡು ಜಾತಿ. ಮೇಲ್ಭಾಗ ಪೂರ್ತಿ ಮುಚ್ಚಿ ಎರಡು ಬಿರಡೆ ಮಾತ್ರ ಇರುವುದು ಒಂದು, ಮುಚ್ಚಳ ಪೂರ್ತಿ ಬಿಚ್ಚಿ ಸುತ್ತ ಬಳೆ ಹಾಕಿ ಬಿಗಿಯುವುದು ಇನ್ನೊಂದು. ಬಳೆಯದೇ ತನ್ನಿ, ಕತ್ತರಿಸುವ ಕೆಲಸವೇ ಇರುವುದಿಲ್ಲ. ಬಿರಡೆಯದೇ ಗತಿಯಾದರೆ ದಯವಿಟ್ಟು ಒಂದು ಮಾತು ಕೇಳಿ. ಖಾಲಿ ಬ್ಯಾರಲ್ ಖಾಲಿ ಇರುವುದಿಲ್ಲ. ಒಳಗೆ ಎಣ್ಣೆಯ ಆವಿ ಗಾಳಿಯ ಜೊತೆ ಸೇರಿ ಕೂತಿರುತ್ತದೆ. ಗ್ಯಾಸ್ ಕಟರ್ ಆಗಲಿ ಗ್ರೈಂಡರ್ ಆಗಲಿ, ಒಂದು ಕಿಡಿ ಸಾಕು, ತಗಡಿನ ಮುಚ್ಚಳ ಬಾಂಬಿನ ಹಾಗೆ ಹಾರುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಶೆಡ್ಡಿನಲ್ಲಿ ನನ್ನ ಜೊತೆಯ ಹುಡುಗನ ಕೈ ಹೀಗೇ ಹೋಯಿತು. ಆ ಶಬ್ದ ನನಗೆ ಇಂದಿಗೂ ನೆನಪಿದೆ. ಎರಡೂ ಬಿರಡೆ ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, ಮೇಲಂಚಿನಿಂದ ನಾಲ್ಕು ಬೆರಳು ಬಿಟ್ಟು ನೀರು ತುಂಬಿಸಿ, ಚಾಣ ಮತ್ತು ಸುತ್ತಿಗೆಯಿಂದ ಅಂಚಿನ ಒಳಗಡೆ ಸುತ್ತ ಕತ್ತರಿಸಿ. ಒಂದು ತಾಸು ಹಿಡಿಯುತ್ತದೆ, ಹಿಡಿಯಲಿ.

ಈಗ ನಿಮ್ಮ ಗುಜರಿ ಸಾಮಾನಿಗೆ ಬರೋಣ. ದುಂಡು ಮುಚ್ಚಳ ಸಿಕ್ಕಿದ್ದು ನಿಜಕ್ಕೂ ಅದೃಷ್ಟ. 200 ಲೀಟರ್ ಬ್ಯಾರಲ್ಲಿನ ಒಳ ಅಳತೆ ಸುಮಾರು 57 ಸೆಂ.ಮೀ., ಎತ್ತರ ಸುಮಾರು 88. ಅಂದರೆ ಆ ಮುಚ್ಚಳ ಬ್ಯಾರಲ್ಲಿನ ಬಾಯಿಗೆ ಹತ್ತಿರ ಹತ್ತಿರ ಕೂರುತ್ತದೆ, ಅದೇ ಗ್ರಿಲ್ಲಿನ ಜಾಲರಿ ಒಳಗೆ ಸಲೀಸಾಗಿ ಇಳಿಯುತ್ತದೆ. ಆ ದುಂಡು ಗ್ರಿಲ್ ಹುಟ್ಟಿದ್ದೂ ನಮ್ಮಂಥವರ ಕೈಯಲ್ಲೇ. 1952ರಲ್ಲಿ ಅಮೆರಿಕದ ಶಿಕಾಗೊದಲ್ಲಿ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ಸರೋವರದಲ್ಲಿ ದೋಣಿಗಳಿಗೆ ಗುರುತಿಗೆಂದು ತೇಲಿಬಿಡುವ ತಗಡಿನ ಗೋಲವನ್ನು ಅರ್ಧಕ್ಕೆ ಕತ್ತರಿಸಿ, ಕಾಲು ಕೂಡಿಸಿ, ಇನ್ನರ್ಧವನ್ನು ಮುಚ್ಚಳ ಮಾಡಿದ. ಬ್ಯಾರಲ್ಲಿನಲ್ಲಿ ಮಾಡುವುದನ್ನು ಅಲ್ಲಿಯವರು 'ಅಗ್ಲಿ ಡ್ರಮ್ ಸ್ಮೋಕರ್' ಎನ್ನುತ್ತಾರೆ, ಕುರೂಪಿ ಡ್ರಮ್ಮು ಎಂದು. ಹೊರಗಿನಿಂದ ಹೇಗೇ ಕಾಣಲಿ, ಒಳಗೆ ಗಾಳಿ ಹಿಡಿತದಲ್ಲಿದ್ದರೆ ಆಯಿತು.

ಮುಚ್ಚಳ ಸಡಿಲವಾದರೆ 25 ಮಿ.ಮೀ. ಅಗಲದ ಎಂಎಸ್ (ಲೇಪವಿಲ್ಲದ ಸಾದಾ ಉಕ್ಕು) ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ ಬ್ಯಾರಲ್ಲಿನ ಬಾಯಿಗೆ ವೆಲ್ಡ್ ಮಾಡಿ. ಮುಚ್ಚಳಕ್ಕೆ ವೆಲ್ಡಿಂಗ್ ಮುಟ್ಟಿಸಬೇಡಿ. ಅದರ ಮೇಲಿರುವ ಹೊಳಪು ಬಣ್ಣವಲ್ಲ, ಗಾಜಿನಂಥ ಎನಾಮಲ್. ಶಾಖ ತಾಗಿದ ಕಡೆ ಚೂರುಚೂರಾಗಿ ಹಾರುತ್ತದೆ, ಚೂರು ಊಟದಲ್ಲಿ ಸಿಕ್ಕರೆ ಹಲ್ಲು ಉಳಿಯದು.

ಗ್ಯಾಸ್ ಗ್ರಿಲ್ಲಿನ ಕಂಬಿಗಳನ್ನು ತೊಳೆದು ಬಿಸಿಲಿನಲ್ಲಿ ಹಿಡಿದು ನೋಡಿ. ಪದರ ಎದ್ದಿದ್ದರೆ, ಒಳಗಿನ ಕಬ್ಬಿಣ ಕಾಣುತ್ತಿದ್ದರೆ ಬಿಸಾಡಿ. ಪೂರ್ತಿ ಸ್ಟೀಲ್ ಆಗಿದ್ದರೆ ಇಟ್ಟುಕೊಳ್ಳಿ, ಎರಡನೇ ಅಂತಸ್ತಿಗೆ ಆಗುತ್ತವೆ. ಹಳೇ ಫ್ರಿಜ್ಜಿನ ಜಾಲರಿ ಚೆಂದ ಹೊಂದುತ್ತದೆಂದು ಬಹಳ ಜನ ಹಾಕುತ್ತಾರೆ. ಬೇಡ, ಅದರ ಲೇಪ ಬೆಂಕಿಗೆಂದು ಮಾಡಿದ್ದಲ್ಲ. ಶಾಖದ ಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ನೀರು 100ಕ್ಕಿಂತ ಒಂದೆರಡು ಡಿಗ್ರಿ ಕಡಿಮೆಗೇ ಕುದಿಯುತ್ತದೆ, ಮುಳ್ಳು 98ರ ಆಸುಪಾಸು ನಿಂತರೆ ಮೀಟರ್ ಸರಿ ಇದೆ. ಅದನ್ನು ಮುಚ್ಚಳಕ್ಕೆ ಹಾಕಬೇಡಿ, ಜಾಲರಿಯ ಮಟ್ಟಕ್ಕೆ ಸ್ವಲ್ಪ ಕೆಳಗೆ ಬ್ಯಾರಲ್ಲಿನ ಪಕ್ಕಕ್ಕೆ ಹಾಕಿ. ಮಾಂಸ ಕೂತ ಜಾಗದ ಶಾಖ ನಮಗೆ ಬೇಕು, ಮೇಲಿನದಲ್ಲ. ಗ್ಯಾಸಿನ ಬರ್ನರ್, ರೆಗ್ಯುಲೇಟರ್, ಟ್ಯೂಬು ಯಾವುದೂ ಈ ಕೆಲಸಕ್ಕೆ ಬೇಡ.

ತೂತುಗಳು. ತಳದಿಂದ 5 ಸೆಂ.ಮೀ. ಮೇಲೆ, ಸುತ್ತಳತೆಯಲ್ಲಿ ಸಮದೂರಕ್ಕೆ ಮೂರು, ಮುಕ್ಕಾಲು ಇಂಚಿನ ಪೈಪಿಗೆ. ನೀವು ಫಿಟ್ಟರ್, ಗೊತ್ತೇ ಇರುತ್ತದೆ, ಆದರೂ ಬೇರೆ ಓದುಗರಿಗಾಗಿ ಬರೆಯುತ್ತೇನೆ: ಮುಕ್ಕಾಲು ಇಂಚು ಎಂಬುದು ಪೈಪಿನ ಒಳಗಿನ ಲೆಕ್ಕ. ಹೊರಗೆ ಅದು ಸುಮಾರು 27 ಮಿ.ಮೀ. ಇರುತ್ತದೆ, ತೂತು ಅಷ್ಟು ಕೊರೆಯಬೇಕು. ಗಿಡ್ಡ ನಿಪ್ಪಲ್ (ಎರಡೂ ತುದಿಗೆ ತಿರುಪಿರುವ ಪೈಪಿನ ತುಂಡು) ಹಾಕಿ ಒಳಗೂ ಹೊರಗೂ ಚೆಕ್ ನಟ್ ಬಿಗಿಯಿರಿ. ಎರಡಕ್ಕೆ ಎಂಡ್ ಕ್ಯಾಪ್, ಒಂದಕ್ಕೆ ಬಾಲ್ ವಾಲ್ವ್.

ಜಿಐ ಹಾಕಬಹುದೇ ಎಂದು ಕೇಳಿದ್ದೀರಿ. ಗಾಳಿ ಎಳೆದುಕೊಳ್ಳುವ ಈ ಜಾಗಕ್ಕೆ ತೊಂದರೆಯಿಲ್ಲ, ಸದಾ ಹೊರಗಿನ ಗಾಳಿ ಹಾಯುವುದರಿಂದ ಅದು ಅಷ್ಟು ಕಾಯುವುದಿಲ್ಲ. ಆದರೆ ಬೆಂಕಿ ಮುಟ್ಟುವ ಕಡೆ, ಅಂದರೆ ಇದ್ದಿಲಿನ ಬುಟ್ಟಿ, ಜಾಲರಿ, ಒಳಗಿನ ಬೋಲ್ಟು ಎಲ್ಲೂ ಜಿಐ ಕೂಡದು. ಸತು 420 ಡಿಗ್ರಿಗೆ ಕರಗುತ್ತದೆ, ಕೆಂಡದ ಶಾಖ ಅದನ್ನು ಎಲ್ಲೋ ದಾಟಿರುತ್ತದೆ. ಜಿಐ ಮೇಲೆ ವೆಲ್ಡಿಂಗ್ ಮಾಡಿದವರಿಗೆ ಆ ಬಿಳಿ ಹೊಗೆ ಏನೆಂದು ಗೊತ್ತು. ಅದನ್ನು ಕುಡಿದ ರಾತ್ರಿ ಮೇ ತಿಂಗಳ ಸೆಕೆಯಲ್ಲೂ ಕಂಬಳಿ ಹೊದ್ದು ನಡುಗಿದ್ದೇನೆ.

ಜಾಲರಿಗೆ ಬ್ಯಾರಲ್ಲಿನ ಬಾಯಿಯಿಂದ 17 ಸೆಂ.ಮೀ. ಕೆಳಗೆ ನಾಲ್ಕು ಸ್ಟೀಲ್ ಬೋಲ್ಟ್ ಹೊರಗಿನಿಂದ ಒಳಕ್ಕೆ ಹಾಕಿ, ಜಾಲರಿ ಅದರ ಮೇಲೆ ಕೂರುತ್ತದೆ. ಹೊಗೆ ಹೋಗಲು ದುಂಡು ಮುಚ್ಚಳದಲ್ಲಿ ಕಿಂಡಿ ಇದ್ದೇ ಇದೆ. ತುಕ್ಕು ಹಿಡಿದು ಅಂಟಿದ್ದರೆ ಸೀಮೆಎಣ್ಣೆ ಹಾಕಿ ಬಿಡಿಸಿ, ಪೂರ್ತಿ ತೆರೆದೇ ಇಡಿ. ಶಾಖ ಹಿಡಿತಕ್ಕೆ ತರುವುದು ಕೆಳಗಿನ ವಾಲ್ವಿನಿಂದ ಮಾತ್ರ. ಮೇಲಿನ ಕಿಂಡಿ ಮುಚ್ಚಿದರೆ ಹೊಗೆ ಒಳಗೇ ಕೊಳೆತು ಮಾಂಸದ ಮೇಲೆ ಕಪ್ಪು ಡಾಂಬರಿನ ಹಾಗೆ ಕೂರುತ್ತದೆ.

ಬುಟ್ಟಿ ಗಟ್ಟಿಯಾಗಿರಲಿ. ಎಂಎಸ್ ಎಕ್ಸ್‌ಪ್ಯಾಂಡೆಡ್ ಮೆಶ್ (ತಗಡನ್ನು ಸೀಳಿ ಹಿಗ್ಗಿಸಿದ ದಪ್ಪ ಜಾಲರಿ) ತಂದು 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರಕ್ಕೆ ಸುತ್ತಿ. ಪ್ಲಾಸ್ಟರಿಗೆ ಹೊಡೆಯುವ ತೆಳು ಜಾಲಿ ಬೇಡ, ಒಂದೇ ಸಲಕ್ಕೆ ಕುಸಿಯುತ್ತದೆ, ಅದೂ ಸತುವಿನದೇ. 8 ಎಂಎಂ ರಾಡಿನಿಂದ ಮೂರು ಕಾಲು, 8 ಸೆಂ.ಮೀ. ಎತ್ತರ, ಬೂದಿ ಕೆಳಗೆ ಬೀಳಲು ಜಾಗ ಬೇಕು. ಅದೇ ರಾಡಿನಿಂದ ಬಕೆಟ್ಟಿಗಿರುವಂಥ ಹಿಡಿ. ಬುಟ್ಟಿಯ ತಳದಿಂದ ಜಾಲರಿಗೆ 60 ಸೆಂ.ಮೀ.ಗಿಂತ ಕೊಂಚ ಹೆಚ್ಚು ಅಂತರ ಸಿಗುತ್ತದೆ, ಅಷ್ಟು ಬೇಕು. ಹತ್ತಿರವಾದರೆ ಅದು ಹೊಗೆಯ ಅಡುಗೆಯಲ್ಲ, ಸುಡುವುದು. ಗಾಲಿಗಳನ್ನು ಬ್ಯಾರಲ್ಲಿಗೆ ನೇರ ಹಾಕದೆ ಆ್ಯಂಗಲ್ ಫ್ರೇಮ್ ಮಾಡಿ ಹಾಕಿ.

ತೂತೆಲ್ಲ ಕೊರೆದ ಮೇಲೆ ಸುಡುವುದು, ಮೊದಲಲ್ಲ. ತೂತಿಲ್ಲದ ಬ್ಯಾರಲ್ಲಿನಲ್ಲಿ ಬೆಂಕಿಗೆ ಉಸಿರೇ ಇರುವುದಿಲ್ಲ, ಬರೀ ಹೊಗೆಯಾಡುತ್ತದೆ. ವಾಲ್ವು, ಮೀಟರು, ಮುಚ್ಚಳ ಪಕ್ಕಕ್ಕಿಟ್ಟು ನಿಪ್ಪಲ್ಲುಗಳನ್ನೂ ಬಿಚ್ಚಿ. ಬ್ಯಾರಲ್ಲಿನ ಒಳಗೆ ಕೆಂಪುಗಂದು ಅಥವಾ ಹಳದಿ ಲೇಪ ಇದ್ದರೆ ಅದು ತುಕ್ಕು ಹಿಡಿಯದಂತೆ ಹಾಕಿದ ರಾಳ, ಪೂರ್ತಿ ಹೋಗಬೇಕು. ಬಣವೆಯಿಂದ ದೂರ, ಬಯಲಿನಲ್ಲಿ, ಗಾಳಿ ಬರುವ ಕಡೆ ನೀವು ನಿಂತು, ಒಣ ಕಟ್ಟಿಗೆ ಬಾಯಿಮಟ್ಟ ತುಂಬಿ ಹಚ್ಚಿ. ನಾನು ಹೊತ್ತು ಮುಳುಗುವಾಗ ಹಚ್ಚುತ್ತೇನೆ. ಕತ್ತಲಾದಂತೆ ತಗಡು ತಳದಿಂದ ಮಂದ ಕೆಂಪಿಗೆ ತಿರುಗುತ್ತದೆ, ಹೊರಗಿನ ಬಣ್ಣ ಗುಳ್ಳೆ ಎದ್ದು ಹಪ್ಪಳದ ಹಾಗೆ ಸುರುಳಿಯಾಗಿ ಉದುರುತ್ತದೆ, ಒಳಗಿನ ಲೇಪ ಮೊದಲು ಕಪ್ಪಾಗಿ ಆಮೇಲೆ ಬೂದಿಬಣ್ಣಕ್ಕೆ ಬರುತ್ತದೆ. ಕೆಂಪು ಬಾರದ ಜಾಗ ಹಗಲಿನಲ್ಲಿ ಗೊತ್ತಾಗುವುದಿಲ್ಲ, ಕತ್ತಲಲ್ಲಿ ಸ್ಪಷ್ಟ ಕಾಣುತ್ತದೆ. ಅಲ್ಲಿಗೆ ಕಟ್ಟಿಗೆ ಸರಿಸಿ. ಬೆಳಿಗ್ಗೆ ತಣ್ಣಗಾದ ಮೇಲೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ, ಕನ್ನಡಕ ಮತ್ತು ಮಾಸ್ಕ್ ಹಾಕಿಕೊಂಡು, ಬಿಳಿ ಕಬ್ಬಿಣ ಕಾಣುವವರೆಗೆ ತಿಕ್ಕಿ. ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿದರೆ ಬಣ್ಣ ಹತ್ತಬಾರದು. ಹತ್ತಿದರೆ ಇನ್ನೊಂದು ಸಂಜೆ ಸುಡಿ.

ಹೊರಗೆ ಬಾಯ್ಲರ್ ಚಿಮಣಿಗೆ ಬಳಿಯುವ ಶಾಖ ತಡೆಯುವ ಪೇಂಟ್ ಹಾಕಿ, ನಿಮ್ಮ ಮಿಲ್ಲಿನಲ್ಲೇ ಗೊತ್ತಿರುತ್ತದೆ. ಒಳಗೆ ಪೇಂಟ್ ಬೇಡ, ಶೇಂಗಾ ಎಣ್ಣೆ ತೆಳುವಾಗಿ ಸವರಿ. ಬುಟ್ಟಿಗೆ ಇದ್ದಿಲು ಹಾಕಿ ಎರಡು ಮೂರು ತಾಸು ಖಾಲಿ ಬ್ಯಾರಲ್ ಉರಿಸಿ. ರೊಟ್ಟಿ ಹಂಚು ಪಳಗುವ ಹಾಗೆ ಒಳಮೈ ಕರ್ರಗೆ ನುಣುಪಾಗುತ್ತದೆ.

ಮೊದಲ ಅಡುಗೆಗೆ ನಾಲ್ಕು ಕೆಜಿ ಇದ್ದಿಲು ಹಚ್ಚದೆ ಬುಟ್ಟಿಗೆ ತುಂಬಿ. ಬೇರೆ ಒಂದು ಡಬ್ಬಿಯಲ್ಲಿ ಹತ್ತು ಹನ್ನೆರಡು ತುಂಡು ಮಾತ್ರ ನಿಗಿನಿಗಿ ಮಾಡಿ ಅದರ ಮೇಲೆ ಸುರಿಯಿರಿ. ಬೆಂಕಿ ಮೇಲಿನಿಂದ ಕೆಳಕ್ಕೆ ನಿಧಾನ ಇಳಿಯುತ್ತಾ ಆರೇಳು ತಾಸು ಬರುತ್ತದೆ. ಮೂರೂ ತೂತು ತೆರೆದು ಮುಚ್ಚಳ ಹಾಕಿ. ಮುಳ್ಳು 100 ಮುಟ್ಟಿದ ಕೂಡಲೇ ಎರಡು ಕ್ಯಾಪ್ ಹಾಕಿಬಿಡಿ, ಉಳಿದದ್ದನ್ನು ವಾಲ್ವ್ ನೋಡಿಕೊಳ್ಳುತ್ತದೆ. ನಮಗೆ ಬೇಕಾದದ್ದು 110ರಿಂದ 135. ವಾಲ್ವನ್ನು ಒಂದು ಕೂದಲೆಳೆ ತಿರುಗಿಸಿ ಹತ್ತು ನಿಮಿಷ ಕಾಯಿರಿ, ಮುಳ್ಳು ತಡವಾಗಿ ಮಾತು ಕೇಳುತ್ತದೆ. ಏರಿಸುವುದು ಸುಲಭ, ಏರಿದ್ದನ್ನು ಇಳಿಸಲು ಅರ್ಧ ತಾಸು ಬೇಕು. ಆತುರಕ್ಕೆ ಮುಚ್ಚಳ ತೆಗೆದು ನೋಡಿದಿರೋ ಗಾಳಿ ಒಳನುಗ್ಗಿ ಕೆಂಡವೆಲ್ಲ ಎದ್ದು ಕೂರುತ್ತದೆ. ಆಷಾಢದ ಗಾಳಿ ದಿನಗಳಲ್ಲಿ ವಾಲ್ವ್ ಇರುವ ಕಡೆ ಪಡುವಣಕ್ಕೆ ಮುಖ ಮಾಡಬಾರದು, ಊದುಗೊಳವೆ ಹಿಡಿದ ಹಾಗಾಗುತ್ತದೆ. ಮೇ ತಿಂಗಳಲ್ಲಿ ಬಿಸಿಲಿಗಿಟ್ಟ ಬ್ಯಾರಲ್ ಮುಟ್ಟಲಾಗದಷ್ಟು ಕಾದೇ ಇರುತ್ತದೆ, ಆಗ ಆರೇಳು ಕೆಂಡ ಸಾಕು.

ಪ್ರಶ್ನೆ: ಮೇಸ್ತ್ರಿಯವರೇ, ನಮ್ಮ ಮನೆಯವರು ಬ್ಯಾರಲ್ಲಿನಲ್ಲಿ ಕೋಳಿ ಮಾಡಿದರು. ಮೇಲೆ ಕರ್ರಗೆ, ಕಹಿ. ಒಳಗೆ ಎಲುಬಿನ ಹತ್ತಿರ ಹಸಿ. ಬಳ್ಳಾರಿ ಜಾಲಿಯ ಹಸಿ ಕಟ್ಟಿಗೆಯನ್ನೇ ಹಾಕಿದ್ದರು. ಜಾಲಿ ಅಡುಗೆಗೆ ಬಾರದು ಎನ್ನುತ್ತಾರೆ, ಹೌದೇ?
— ಗೃಹಿಣಿ, ಸಿರುಗುಪ್ಪ

ಅಕ್ಕಾರೇ, ತಪ್ಪು ಜಾಲಿಯದಲ್ಲ, ಹಸಿಯದು. ನಮ್ಮೂರ ಹೆಸರು ಹೊತ್ತಿರುವ ಆ ಮುಳ್ಳುಗಿಡ ನಮ್ಮದಲ್ಲ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯಿಂದ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂತು. ಬಂದದ್ದು ಹೊಲ, ಕೆರೆ ಅಂಗಳ, ರಸ್ತೆ ಬದಿ ಎಲ್ಲ ನುಂಗಿತು, ಅದರ ಮೇಲೆ ನಮ್ಮ ರೈತರಿಗಿರುವ ಸಿಟ್ಟು ನ್ಯಾಯವಾದದ್ದೇ. ಆದರೆ ಅಮೆರಿಕದ ಟೆಕ್ಸಾಸಿನವರು ಮಾಂಸಕ್ಕೆ ಹೊಗೆ ಕೊಡಲು ಬಳಸುವ ಮೆಸ್ಕೀಟ್ ಮರ ಇದೇ ಕುಲದ್ದು. ನಾವು ಇಟ್ಟಂಗಿ ಗೂಡಿಗೆ ಹಾಕುವ ಗಿಡದ ಅಣ್ಣತಮ್ಮನನ್ನು ಅಲ್ಲಿ ಚೀಲಕ್ಕೆ ತುಂಬಿ ಮಾರುತ್ತಾರೆ.

ಜಾಲಿಯ ಹೊಗೆ ಬಹಳ ಖಾರ. ಇದ್ದಿಲು ಮಾಡಿದಾಗ ಆ ಖಾರ ಹೋಗಿ ಬರೀ ಶಾಖ ಉಳಿಯುತ್ತದೆ, ಅದೂ ದೀರ್ಘ ಶಾಖ. ಆದ್ದರಿಂದ ಬುಟ್ಟಿಗೆ ಜಾಲಿ ಇದ್ದಿಲು ತುಂಬಿ, ಪರಿಮಳಕ್ಕೆ ಮುಷ್ಟಿ ಗಾತ್ರದ ಎರಡೇ ಎರಡು ಒಣಗಿದ ಕಟ್ಟಿಗೆ ತುಂಡು ಇಡಿ. ಆ ಎರಡು ಮಾವಿನದೋ ಪೇರಲದ್ದೋ ಆದರೆ ಕೋಳಿಗೆ ಬಹಳ ಒಪ್ಪುತ್ತದೆ, ಹುಣಸೆಯದಾದರೆ ಕುರಿ ಮಾಂಸಕ್ಕೆ. ಕಟ್ಟಿಗೆ ಕಡಿದು ಆರು ತಿಂಗಳಾದರೂ ನೆರಳಿನಲ್ಲಿ ಒಣಗಿರಬೇಕು, ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು. ಬೇವು ಕಹಿ. ನೀಲಗಿರಿಯದು ಎಣ್ಣೆ ವಾಸನೆ. ಕಣಗಿಲೆಯ ಕಡ್ಡಿಯನ್ನು ಬೆಂಕಿಗೆ ಹಚ್ಚಲೂ ಬಳಸಬೇಡಿ, ಅದು ವಿಷ. ಪ್ಲೈವುಡ್, ಬಣ್ಣದ ಬಾಗಿಲು, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬೇಡವೇ ಬೇಡ.

ಹೊಗೆ ನೋಡಲು ಕಲಿಯಿರಿ. ಮೊದಲ ಹದಿನೈದು ಇಪ್ಪತ್ತು ನಿಮಿಷ ದಟ್ಟ ಬಿಳಿ ಹೊಗೆ ಏಳುತ್ತದೆ. ಆಗ ಮಾಂಸ ಇಟ್ಟರೆ ನಿಮಗಾದ ಹಾಗೇ ಕಹಿ. ಅದು ತೆಳುವಾಗಿ, ಹಿಂದಿರುವ ಗೋಡೆ ಕಾಣುವಷ್ಟಾಗಿ, ತುಸು ನೀಲಿಗೆ ತಿರುಗಿದ ಮೇಲೆ ಕೋಳಿ ಇಡಬೇಕು. ಮೂಗಿಗೆ ಸಿಹಿ ಅನಿಸುತ್ತದೆ, ಕಣ್ಣು ಉರಿಯುವುದಿಲ್ಲ.

ಒಳಗೆ ಹಸಿ ಉಳಿದದ್ದಕ್ಕೆ ಕಾರಣ ಆತುರ. ಕೋಳಿಯ ಬೆನ್ನು ಸೀಳಿ ಪುಸ್ತಕದ ಹಾಗೆ ಬಿಡಿಸಿ ಇಟ್ಟರೆ ಸಮನಾಗಿ ಬೇಯುತ್ತದೆ. ಒಂದೂಕಾಲು ಕೆಜಿಯ ಫಾರಂ ಕೋಳಿಗೆ 135ರಲ್ಲಿ ಒಂದೂವರೆಯಿಂದ ಎರಡು ತಾಸು ಬೇಕು. ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಒಂದು ತರಿಸಿಕೊಳ್ಳಿ. ತೊಡೆಯ ದಪ್ಪ ಜಾಗದಲ್ಲಿ, ಎಲುಬಿಗೆ ತಾಗದಂತೆ, 74 ಡಿಗ್ರಿ ತೋರಿಸಬೇಕು. ಹೊಗೆ ಹಿಡಿದ ಕೋಳಿ ಬೆಂದ ಮೇಲೂ ಚರ್ಮದ ಕೆಳಗೆ ಗುಲಾಬಿ ಬಣ್ಣ ಇರುತ್ತದೆ, ಆದ್ದರಿಂದ ಕಣ್ಣನ್ನು ನಂಬಬೇಡಿ. ಕುರಿಯ ಮುಂಗಾಲಿನ ಲೆಕ್ಕ ಬೇರೆ. ಅದು 90 ದಾಟಿದರೇ ಎಲುಬು ಬಿಡುವುದು, ಎರಡು ಕೆಜಿ ತುಂಡಿಗೆ ಐದಾರು ತಾಸು. ನಮ್ಮ ಮನೆಯಲ್ಲಿ ಉಪ್ಪು, ಅರಿಶಿನ, ಬೆಳ್ಳುಳ್ಳಿ, ಕುಟ್ಟಿದ ಮೆಣಸು ಸವರಿ ಹಿಂದಿನ ರಾತ್ರಿಯೇ ಇಡುತ್ತಾರೆ. ಖಾರದ ಪುಡಿ ಕೊನೆಗೆ, ಮೊದಲೇ ಹಾಕಿದರೆ ಸೀದು ಹೋಗುತ್ತದೆ. ತುಂಗಭದ್ರಾ ಡ್ಯಾಮಿನ ಕಾಟ್ಲಾ ಸಿಕ್ಕ ದಿನ ಮಾತ್ರ ಮಾಂಸ ಮರೆತುಬಿಡಿ. ದಪ್ಪ ಹೋಳು, 110 ಡಿಗ್ರಿ, ಒಂದು ತಾಸಿನ ಒಳಗೆ ಆಗುತ್ತದೆ. ಜೋಳದ ರೊಟ್ಟಿ ಮುರಿದು ಆ ಮೀನಿನ ಜೊತೆ ತಿಂದು ನೋಡಿ ಅಕ್ಕಾರೇ.

ಪ್ರಶ್ನೆ: ಇದ್ದಿಲಿನ ಬದಲು ಭತ್ತದ ಹೊಟ್ಟು ಹಾಕಿದರೆ? ನಮ್ಮಲ್ಲಿ ಅದು ಬೆಟ್ಟದಷ್ಟು ಬಿದ್ದಿದೆ.
— ಓದುಗರು, ಸಿಂಧನೂರು

ಆಗುವುದಿಲ್ಲ. ಹೊಟ್ಟಿನ ತೂಕದಲ್ಲಿ ಐದರಲ್ಲೊಂದು ಪಾಲು ಬೂದಿಯಾಗಿ ಉಳಿಯುತ್ತದೆ, ಆ ಬೂದಿ ಬಹುಪಾಲು ಸಿಲಿಕಾ. ಬುಟ್ಟಿಯ ಕಣ್ಣು, ಗಾಳಿ ತೂತು ಎಲ್ಲ ಮುಚ್ಚಿ ಬೆಂಕಿ ನಂದುತ್ತದೆ, ನಂದುವಾಗ ಕೆಟ್ಟ ಹೊಗೆ. ಹೊಟ್ಟಿಗೆ ಬೇರೆ ಒಲೆಯೇ ಇದೆ, ಅದರ ಬಗ್ಗೆ ಬೇಕಾದರೆ ಇನ್ನೊಮ್ಮೆ ಬರೆಯುತ್ತೇನೆ. ತೆಂಗಿನ ಚಿಪ್ಪಿನ ಇದ್ದಿಲು ಸಿಕ್ಕರೆ ಹಾಕಿ, ಬಹಳ ಶುದ್ಧ.

ಪ್ರಶ್ನೆ: ನಾವು ಮಾಂಸ ತಿನ್ನುವವರಲ್ಲ. ಮಗನಿಗೆ ಇದನ್ನು ಮಾಡುವ ಹುಚ್ಚು. ನಮಗೆ ಇದರಿಂದ ಏನು ಉಪಯೋಗ?
— ನಿವೃತ್ತ ಶಿಕ್ಷಕರು, ರಾಯಚೂರು

ಹಿರಿಯರೇ, ಮಾಡಲು ಬಿಡಿ. ಮುಳ್ಳುಗಾಯಿ ಬದನೆಯನ್ನು ತೊಟ್ಟು ಸಮೇತ ಜಾಲರಿ ಮೇಲಿಟ್ಟು ಒಂದು ತಾಸು ಬಿಟ್ಟರೆ ಒಳಗೆಲ್ಲ ಬೆಣ್ಣೆಯಾಗುತ್ತದೆ. ಹಸಿಮೆಣಸಿನಕಾಯಿ, ಇಡೀ ಬೆಳ್ಳುಳ್ಳಿ ಗಡ್ಡೆ, ಟೊಮೆಟೊ ಅದರ ಪಕ್ಕದಲ್ಲೇ ಇರಲಿ. ಎಲ್ಲ ಸೇರಿಸಿ ಒಳಕಲ್ಲಿನಲ್ಲಿ ಅರೆದು, ಶೇಂಗಾ ಪುಡಿ ಉದುರಿಸಿ ರೊಟ್ಟಿಗೆ ಹಚ್ಚಿ. ನಮ್ಮ ಮನೆಯವರು ಹಣ್ಣು ಮೆಣಸಿನಕಾಯಿಯನ್ನು ಹೀಗೆ ಹೊಗೆ ಕೊಟ್ಟು ಆಮೇಲೆ ಬಿಸಿಲಿಗೆ ಒಣಗಿಸಿ ಪುಡಿ ಮಾಡುತ್ತಾರೆ. ಬೇಳೆ ಸಾರಿಗೆ ಚಿಟಿಕೆ ಹಾಕಿದರೆ ಸಾಕು. ಮಗನಿಗೆ ವೆಲ್ಡಿಂಗ್ ಕಲಿಸುವವರು ಯಾರಾದರೂ ಜೊತೆಗಿರಲಿ, ಅಷ್ಟೇ.

ಪ್ರಶ್ನೆ: ಮಳೆ ಬಂದಾಗ ಬ್ಯಾರಲ್ಲನ್ನು ಶಟರ್ ಒಳಗೆ ಇಟ್ಟುಕೊಂಡು ಮಾಡಬಹುದೇ? ಅರ್ಧ ಶಟರ್ ತೆರೆದಿರುತ್ತೇನೆ.
— ಅಂಗಡಿ ನಡೆಸುವವರು, ಕೌಲ್ ಬಜಾರ್, ಬಳ್ಳಾರಿ

ಬೇಡ. ಅರ್ಧ ಅಲ್ಲ, ಪೂರ್ತಿ ತೆರೆದರೂ ಬೇಡ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರ, ನಿದ್ದೆ ಬಂದ ಹಾಗೆ, ಆಮೇಲೆ ಏಳುವುದೇ ಇಲ್ಲ. ಅದರಲ್ಲೂ ನಾವು ಗಾಳಿ ಕಡಿಮೆ ಮಾಡಿ ಉರಿಸುವವರು, ಆಗ ಅದು ಇನ್ನೂ ಹೆಚ್ಚು ಬರುತ್ತದೆ. ಅಡುಗೆ ಮುಗಿದ ಮೇಲೆ ಎಲ್ಲ ತೂತು ಮುಚ್ಚಿ ಬೆಂಕಿ ಆರಿಸಿದ್ದರೂ ಆ ರಾತ್ರಿ ಬ್ಯಾರಲ್ ಹೊರಗೇ ಇರಲಿ. ಮಳೆಯಿದ್ದರೆ ನಾಲ್ಕು ಕಂಬದ ಮೇಲೆ ತಗಡು ಹಾಕಿ, ಸುತ್ತ ಗೋಡೆ ಬೇಡ. ಮಳೆಯೇ ಹೆಚ್ಚಾದರೆ ಆ ಭಾನುವಾರ ಒಲೆಯ ಮೇಲೇ ಮಾಡಿ.

ಪ್ರಶ್ನೆ: ನನ್ನ ಬ್ಯಾರಲ್ ಹೊಲದ ಔಷಧದ್ದೆಂದು ಈಗ ಗೊತ್ತಾಯಿತು. 900 ರೂಪಾಯಿ ಕೊಟ್ಟಿದ್ದೇನೆ. ಅಡುಗೆಗೆ ಬೇಡವೆಂದರೆ ಬೇಡ, ಯಾರಿಗಾದರೂ ನೀರು ತುಂಬಿಡಲು ಮಾರಿಬಿಡಲೇ?
— ಓದುಗರು, ಮಾನ್ವಿ

ಅಣ್ಣಾ, ಬೇಡವೆಂದು ಕೈ ಮುಗಿದು ಕೇಳುತ್ತೇನೆ. ನಿಮ್ಮ ಪತ್ರ ಓದಿ ಎರಡು ದಿನ ನನಗೆ ಅದೇ ಯೋಚನೆ. ನಮ್ಮ ಹಳ್ಳಿಗಳಲ್ಲಿ ನಳ ಎಂಟು ದಿನಕ್ಕೊಮ್ಮೆ ಬರುವ ಕಡೆ ಮನೆ ಮುಂದೆ ಇಟ್ಟಿರುವುದು ಇಂಥವೇ ಬ್ಯಾರಲ್ಲು. ಎಷ್ಟು ಬ್ಯಾರಲ್ಲಿನ ಹಿಂದಿನ ಕಥೆ ಯಾರಿಗೆ ಗೊತ್ತು? ನೀವು ಮಾರಿದ್ದನ್ನು ಕೊಂಡವರು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕುಡಿಯುವ ನೀರು ತುಂಬುತ್ತಾರೆ. ಹಾಗೆಯೇ ಗುಜರಿಗೆ ಕೊಟ್ಟರೂ ಬಣ್ಣ ಬಳಿದುಕೊಂಡು ಅಲ್ಲಿಗೇ ಹೋಗುತ್ತದೆ, ನನ್ನ ಕೈಗೆ ಬಂದ ಹಾಗೆ.

900 ರೂಪಾಯಿ ಹೋಯಿತೆಂದು ತಿಳಿಯಿರಿ. ಕೈಗವಸು ಹಾಕಿಕೊಂಡು ಮೂರು ಸಲ ನೀರು ಹಾಕಿ ಕುಲುಕಿ ತೊಳೆಯಿರಿ. ಆ ನೀರನ್ನು ಕಾಲುವೆಗೆ ಚೆಲ್ಲಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ನಿಮ್ಮ ಕೆಳಗಿನ ಊರಿನವರು ಕುಡಿಯುವುದು. ಆ ಔಷಧ ಯಾವ ಬೆಳೆಯದೋ ಅದೇ ಬೆಳೆಗೆ ಮುಂದಿನ ಸಲ ಔಷಧ ಹೊಡೆಯುವಾಗ ಕೂಡಿಸುವ ನೀರಿಗೆ ಸೇರಿಸಿ. ಆಮೇಲೆ ಚಾಣ ಸುತ್ತಿಗೆ ತಗೊಂಡು, ಗ್ರೈಂಡರ್ ಅಲ್ಲ, ತಳಕ್ಕೆ ಐದು, ಪಕ್ಕಕ್ಕೆ ಹತ್ತು ತೂತು ಹೊಡೆಯಿರಿ, ಯಾರೂ ಬೆಸುಗೆ ಹಾಕಿ ಮುಚ್ಚಲಾಗದಷ್ಟು ದೊಡ್ಡವು. ಬಾಯಿಯ ಅಂಚನ್ನೂ ಬಡಿದು ಮಡಚಿ. ಹಾಗೆ ಮಾಡಿದ ಮೇಲೆ ಗುಜರಿಯವನಿಗೆ ತೂಕಕ್ಕೆ ಕೊಡಿ.